ಕಾಲೇಜಿಗೊಂದು ಸಲಹಾ ಮಂಡಳಿ ಕಟ್ಟೋದು ಹೇಗೆ?

ಹತ್ತು ಜನ ಸಾಕು. ಎಲ್ಲರೂ ಐಟಿಯವರೇ ಆಗದಂತೆ ನೋಡಿಕೊಳ್ಳಿ, ಬೆಂಗಳೂರಲ್ಲಿ ಗೊತ್ತಿಲ್ಲದೇ ಹಾಗಾಗಿಬಿಡುತ್ತದೆ. ಒಬ್ಬ ಆಡಿಟರ್, ಒಬ್ಬ ನಿವೃತ್ತ ಮೇಷ್ಟ್ರು, ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ಇಟ್ಟಿರುವ ಹಳೇ ವಿದ್ಯಾರ್ಥಿ ಇರಲಿ. ಸಂಬಳ ಇಲ್ಲ, ಅಧಿಕಾರ ಇಲ್ಲ, ಸಲಹೆ ಮಾತ್ರ, ಅವಧಿ ಎರಡು ವರ್ಷ ಅಂತ ಮೊದಲೇ ಬರೆದುಕೊಡಿ, ಇಲ್ಲದಿದ್ದರೆ ಪ್ರಿನ್ಸಿಪಾಲರ ಜೊತೆ ಜಟಾಪಟಿ ಗ್ಯಾರಂಟಿ.

ಇನ್ನು ದುಡ್ಡು. ಸುಮ್ನೆ "ಕಾಲೇಜಿಗೆ ಸಹಾಯ ಮಾಡಿ" ಅಂದರೆ ಯಾರೂ ಕೊಡುವುದಿಲ್ಲ. ಲ್ಯಾಬಿಗೆ ಇಂಥ ಯಂತ್ರ, ಇಷ್ಟು ಬೆಲೆ ಅನ್ನಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕೋ ಯುಪಿಐಯೋ ಕೇಳಿ.

ಎಡವುವುದು ಅಮೆರಿಕದಲ್ಲಿರುವ ಗೆಳೆಯರು ಕೊಡುವ ದುಡ್ಡಿನ ವಿಷಯದಲ್ಲಿ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಸಂಕೋಚ ಇಲ್ಲದೆ ಕೇಳಿ. ಭಾರತದ್ದಾಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರರಾಗಿದ್ದರೆ ಅದು ವಿದೇಶಿ ದೇಣಿಗೆ. ಟ್ರಸ್ಟ್ ನಡೆಸುವ ಕಾಲೇಜಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಬೇಕು, ಹಣವೂ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಸಭೆ ಶನಿವಾರ ಬೆಳಿಗ್ಗೆ ಇಡಿ. ಸಂಜೆ ಇಟ್ಟರೆ ಅರ್ಧ ಜನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲೇ ಇರುತ್ತಾರೆ, ಅಲ್ವಾ?