ಮೆಟ್ಟಿಲು ಇಳಿದ ಬೂಟ್ ಲಾಗ್: ಸೀರಿಯಲ್ ಕನ್ಸೋಲ್‌ನಲ್ಲಿ ನನ್ನ ಅನುಭವ

ರಿಸ್ಕ್-ಫೈವ್ ಪ್ರೊಸೆಸರ್‌ಗೆ ಅಂತ ನಾನೇ ಬರೆದ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ಎರಡು ತಿಂಗಳು ಚೆನ್ನಾಗಿಯೇ ಓಡುತ್ತಿತ್ತು. ಅದನ್ನೇ ನಿಜವಾದ ಬೋರ್ಡ್‌ಗೆ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಕೇಬಲ್‌ನಲ್ಲಿ ಬಂದದ್ದನ್ನು ತೋರಿಸುವ ಪಿಕೊಕಾಮ್ ತೆರೆದರೆ ಬೂಟ್ ಸಂದೇಶಗಳೆಲ್ಲ ಮೆಟ್ಟಿಲು ಇಳಿಯುತ್ತಿದ್ದವು. ಮೊದಲ ಸಾಲು ಎಲ್ಲಿ ಮುಗಿಯಿತೋ ಅದರ ಕೆಳಗಿನಿಂದಲೇ ಎರಡನೆಯದು ಶುರು. ನಾಲ್ಕೈದು ಸಾಲಿಗೆ ಪರದೆಯ ಬಲ ಅಂಚು ಬಂದುಬಿಟ್ಟಿತು.

ಟೆಲಿಟೈಪ್ ಅನ್ನೋ ಹಳೇ ದೂರಮುದ್ರಣ ಯಂತ್ರದ ಕಾಲದ ಪಳೆಯುಳಿಕೆ ಇದು. ಸಿಆರ್ (ಕ್ಯಾರೇಜ್ ರಿಟರ್ನ್), ಅಂದ್ರೆ ಸಂಕೇತ 13, ಕರ್ಸರನ್ನು ಸಾಲಿನ ಮೊದಲಿಗೆ ತರುತ್ತದೆ. ಎಲ್‌ಎಫ್ (ಲೈನ್ ಫೀಡ್), ಅಂದ್ರೆ ಸಂಕೇತ 10, ಒಂದು ಸಾಲು ಕೆಳಗಿಳಿಸುತ್ತದೆ. ಸಿ ಭಾಷೆಯ ನ್ಯೂಲೈನ್ ಬರೀ 10. ಹಾಗಾದ್ರೆ ಕ್ಯೂಎಮುನಲ್ಲಿ ಹೇಗೆ ಸರಿಯಾಗಿತ್ತು? ಅದು ಟರ್ಮಿನಲ್‌ನ ಇನ್‌ಪುಟ್ ಕಡೆಯನ್ನಷ್ಟೇ ಬದಲಿಸಿ, ಔಟ್‌ಪುಟ್ ಕಡೆಯನ್ನು ಹಾಗೇ ಬಿಡುತ್ತದೆ. 10ರ ಮುಂಚೆ 13 ಸೇರಿಸುತ್ತಿದ್ದದ್ದು ನನ್ನ ಡ್ರೈವರ್ ಅಲ್ಲ, ಲ್ಯಾಪ್‌ಟಾಪ್‌ನ ಲಿನಕ್ಸ್!

ಪಿಕೊಕಾಮ್‌ಗೇ ಒಂದು ಆಯ್ಕೆ ಕೊಟ್ಟು ಮುಗಿಸಬಹುದಿತ್ತು. ಆದರೆ ಕೇಬಲ್ ಚುಚ್ಚಿದವರೆಲ್ಲ ಅದನ್ನು ನೆನಪಿಟ್ಟುಕೊಳ್ಳಬೇಕು, ಅದು ನನಗೆ ಸರಿ ಅನ್ನಿಸಲಿಲ್ಲ. ಯುಆರ್ಟ್‌ಗೆ (ಸೀರಿಯಲ್ ಕೇಬಲ್‌ನಲ್ಲಿ ಬೈಟ್ ಸಾಗಿಸುವ ಹಾರ್ಡ್‌ವೇರ್) ಒಂದೊಂದೇ ಬೈಟ್ ಕಳಿಸುವ ಫಂಕ್ಷನ್‌ನಲ್ಲೇ ಎರಡು ಸಾಲು ಸೇರಿಸಿದೆ: 10 ಬಂದರೆ ಮೊದಲು 13 ಕಳಿಸು. ಮೆಟ್ಟಿಲು ಮಾಯ.

ಖುಷಿ ಒಂದೇ ವಾರ. ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ) ನೋಡಲು 4096 ಬೈಟ್‌ನ ಒಂದು ಮೆಮೊರಿ ಪುಟವನ್ನು ಸೀರಿಯಲ್ ಮೂಲಕ ಕಳಿಸಿದರೆ ಈ ಕಡೆ ಬಂದದ್ದು 4111. ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೇ ಅಂತ ನೋಡುವ ಮೊತ್ತ) ಕೂಡಲಿಲ್ಲ. ಬಾಡ್ ರೇಟ್ (ಸೀರಿಯಲ್ ವೇಗ) ಮೇಲೆ ಅನುಮಾನ ಪಟ್ಟು ಒಂದು ಸಂಜೆ ಹಾಳು ಮಾಡಿಕೊಂಡೆ. ಹೆಕ್ಸ್ ಡಂಪ್ ನೋಡಿದರೆ ಆ ಪುಟದಲ್ಲಿ 10 ಅನ್ನೋ ಬೈಟ್ ಹದಿನೈದು ಕಡೆ ಇತ್ತು, ಪ್ರತಿಯೊಂದರ ಮುಂದೆಯೂ ನನ್ನ 13 ಕೂತಿತ್ತು. ಡೇಟಾ ಯಾವುದು, ಸಾಲಿನ ಕೊನೆ ಯಾವುದು ಅಂತ ಯುಆರ್ಟ್‌ಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಆಮೇಲೆ ಆ ಎರಡು ಸಾಲನ್ನು ಪರದೆಗೆ ಹೋಗುವ ಸಂದೇಶಗಳನ್ನಷ್ಟೇ ನೋಡಿಕೊಳ್ಳುವ ಕನ್ಸೋಲ್ ಪದರಕ್ಕೆ ಎತ್ತಿದೆ. ಯುಆರ್ಟ್ ಫಂಕ್ಷನ್ ಕೊಟ್ಟದ್ದನ್ನು ಹಾಗೇ ಕಳಿಸುತ್ತದೆ. ಪ್ರತಿ ಬೈಟ್‌ಗೂ, 13ಕ್ಕೂ ಸಹ, ಟ್ರಾನ್ಸ್‌ಮಿಟರ್ ಖಾಲಿಯಾಗುವವರೆಗೆ ಕಾಯುತ್ತದೆ. ಕರ್ನಲ್‌ನಲ್ಲಿ ಅಲ್ಲಲ್ಲಿ ಕೈಯಾರೆ 13, 10 ಎರಡನ್ನೂ ಬರೆದಿದ್ದ ಸಂದೇಶಗಳನ್ನು ಹುಡುಕಿ ಹುಡುಕಿ 13 ಕಿತ್ತೆ. ಪರದೆಯಲ್ಲಿ ಅವು ಗೊತ್ತೇ ಆಗುತ್ತಿರಲಿಲ್ಲ, ಲಾಗ್ ಫೈಲ್ ಹೋಲಿಸುವ ಟೆಸ್ಟ್‌ಗಳು ಮಾತ್ರ ಸುಮ್ನೆ ಫೇಲ್ ಆಗುತ್ತಿದ್ದವು. ಕರ್ನಲ್ ಕುಸಿದಾಗ ಬರುವ ಪ್ಯಾನಿಕ್ ಸಂದೇಶ ಮರೆತಿದ್ದೆ. ಅದು ಲಾಕ್ (ಒಂದು ಸಲಕ್ಕೆ ಒಬ್ಬರೇ ಬರೆಯಲಿ ಅಂತ ಇರುವ ಬೀಗ) ಹಿಡಿಯಬಾರದು ಅಂತ ನೇರ ಯುಆರ್ಟ್‌ಗೇ ಬರೆಯುತ್ತಿತ್ತು. ಸರಿಯಾಗಿ ಓದಲೇಬೇಕಾದ ಹೊತ್ತಿನಲ್ಲೇ ಮತ್ತೆ ಮೆಟ್ಟಿಲು! ಈಗ ಅದೂ ಕನ್ಸೋಲ್ ದಾರಿಯಲ್ಲೇ ಬರುತ್ತದೆ, ಲಾಕ್ ಮಾತ್ರ ಬಿಟ್ಟು.

ಒಳಗೆ ಬರುವ ಕಡೆ ಕಥೆ ಉಲ್ಟಾ. ಎಂಟರ್ ಒತ್ತಿದರೆ ಬರುವುದು 13. ಅದನ್ನು 10 ಮಾಡಿ ಬಫರ್‌ಗೆ ಹಾಕುತ್ತೇನೆ. ಕೆಲವು ಟರ್ಮಿನಲ್‌ಗಳಿಂದ ಪೇಸ್ಟ್ ಮಾಡಿದರೆ 13, 10 ಜೋಡಿಯಾಗಿ ಬಂದು ಶೆಲ್ ಎರಡೆರಡು ಪ್ರಾಂಪ್ಟ್ ತೋರಿಸುತ್ತಿತ್ತು. ಹಿಂದಿನದು 13 ಆಗಿದ್ದರೆ ಬೆನ್ನಿಗೇ ಬಂದ 10 ಅನ್ನು ನುಂಗಿಬಿಡು ಅಂತ ಒಂದು ಗುರುತು (ಫ್ಲಾಗ್) ಇಟ್ಟೆ.

ಕ್ಯೂಎಮು ಕಿಟಕಿಗೆ ಈಗ ಪ್ರತಿ ಸಾಲಿಗೂ ಒಂದು 13 ಜಾಸ್ತಿ ಹೋಗುತ್ತದೆ, ನನ್ನದೊಂದು, ಲಿನಕ್ಸ್‌ದೊಂದು. ಕರ್ಸರ್ ಎರಡು ಸಲ ಅದೇ ಜಾಗಕ್ಕೆ ಬರುತ್ತದೆ, ಅಷ್ಟೇ. ಅದನ್ನು ಹಾಗೇ ಬಿಟ್ಟಿದ್ದೇನೆ.