ಹೊಲಿದ ಹೆಗಲು: ಮೂಳೆಯ ಜಾಡು ನೋಡಿ ಕೈ ಎತ್ತಿ

ರೊಟೇಟರ್ ಕಫ್, ಅಂದರೆ ಹೆಗಲ ಕೀಲನ್ನು ಸುತ್ತಿ ಹಿಡಿದಿರುವ ಸ್ನಾಯುಗಳ ಗುಂಪು, ಹರಿದು ಆಪರೇಶನ್ ಆಗಿ ಐದನೇ ವಾರ. ನಗುನಗುತ್ತಾ ಒಳಗೆ ಬಂದವರು ಸ್ಲಿಂಗ್ ಕಳಚಿ, ‘ನೋಡಿ ಮೇಡಂ, ನೋವೇ ಇಲ್ಲ’ ಅಂತ ಕೈಯನ್ನು ಕಿವಿಯವರೆಗೆ ಎತ್ತಿ ತೋರಿಸುತ್ತಾರೆ. ಫಿಸಿಯೋಥೆರಪಿ ಮಾಡಿಸುವ ನನಗೆ ಎದೆ ಧಸಕ್ಕೆನ್ನುತ್ತದೆ. ನೋವು ಬೇಗ ಹೋಗಬಹುದು. ಹೊಲಿದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಮೂಳೆಗೆ ಅಂಟಿಕೊಳ್ಳಲು ಮಾತ್ರ ಸುಮಾರು 12 ವಾರ ಬೇಕು. ಅಲ್ಲಿಯವರೆಗೆ ಅದನ್ನು ಹಿಡಿದಿಟ್ಟಿರುವುದು ದಾರ ಮತ್ತು ಮೂಳೆಯೊಳಗೆ ಕೂರಿಸಿದ, ದಾರ ಕಟ್ಟುವ ಗೂಟದಂಥ ಪುಟ್ಟ ಆ್ಯಂಕರ್, ಅಷ್ಟೇ.

ಮೊದಲು ನಿಮ್ಮ ಮೂಳೆ ಹೇಗಿದೆ ಅಂತ ಕೇಳಿ

ಹೆಗಲಿನ ತುದಿ ಮುಟ್ಟಿ ನೋಡಿ. ಗಟ್ಟಿಯಾಗಿ ಕೈಗೆ ಸಿಗುತ್ತದಲ್ಲ, ಅದೇ ಅಕ್ರೋಮಿಯಾನ್, ಕೀಲಿನ ಸೂರು. ಅದರ ಕೆಳಗೆ ತೋಳಿನ ಮೂಳೆಯ ಗುಂಡು. ಎರಡರ ನಡುವೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಜಾಗ. ರಜ್ಜು ಹಾದುಹೋಗುವುದು ಆ ಸಂದಿಯಲ್ಲೇ.

ಈ ಸೂರು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. 1986ರಲ್ಲಿ ಮೂಳೆ ಸರ್ಜನ್ ಬಿಗ್ಲಿಯಾನಿ ಮತ್ತು ಸಂಗಡಿಗರು ಇದನ್ನು ಮೂರು ಬಗೆ ಮಾಡಿದರು: ಚಪ್ಪಟೆ, ಬಾಗಿದ್ದು, ಕೊಕ್ಕೆಯಂಥದ್ದು. ಸೂರು ಹೊರಕ್ಕೆ ಎಷ್ಟು ಚಾಚಿದೆ ಎನ್ನುವುದನ್ನೂ ಎಕ್ಸ್‌ರೇಯಲ್ಲಿ ಕೋನ ಹಾಕಿ ಅಳೆಯುತ್ತಾರೆ. ಅದು 35 ಡಿಗ್ರಿ ದಾಟಿದವರಲ್ಲಿ ರಜ್ಜು ಹರಿಯುವುದು ಜಾಸ್ತಿ. ಸೂರು ಚಾಚಿದಷ್ಟೂ ಹೆಗಲ ಮೇಲಿನ ಡೆಲ್ಟಾಯ್ಡ್ ಸ್ನಾಯು ಗುಂಡನ್ನು ಮೇಲಕ್ಕೆ ಎಳೆಯುತ್ತದೆ. ಅದನ್ನು ಜಾಗದಲ್ಲಿ ಹಿಡಿಯುವ ಕೆಲಸ ಹೊಲಿದ ರಜ್ಜಿನ ಪಾಲಿಗೆ.

ಹಾಗಂತ ‘ನಂದು ಕೊಕ್ಕೆ ಮೂಳೆ, ಇನ್ನೇನು ಸರಿಹೋಗುತ್ತೆ’ ಅಂತ ಕೈಚೆಲ್ಲಬೇಡಿ. ವಯಸ್ಸು, ಎಷ್ಟು ಅಗಲ ಹರಿದಿತ್ತು, ಸ್ನಾಯುವಿನಲ್ಲಿ ಕೊಬ್ಬು ತುಂಬಿದೆಯಾ, ಇವೆಲ್ಲ ಅದಕ್ಕಿಂತ ದೊಡ್ಡ ಲೆಕ್ಕ. ಮೂಳೆ ಮೆತ್ತಗಿದ್ದರೆ ಆ್ಯಂಕರ್ ಹಿಡಿತವೂ ಸಡಿಲ. ಸರ್ಜನ್ ಹತ್ತಿರ ಇಷ್ಟನ್ನೂ ಕೇಳಿ, ಬರೆದುಕೊಳ್ಳಿ. ಪಕ್ಕದ ಮನೆಯವರು ನಾಲ್ಕು ವಾರಕ್ಕೆ ಸ್ಲಿಂಗ್ ತೆಗೆದಿದ್ದು ನಿಮಗೆ ಲೆಕ್ಕವೇ ಅಲ್ಲ.

ಸ್ಲಿಂಗ್

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ರಾತ್ರಿಯೂ ಸೇರಿ. ಕಂಕುಳ ಕೆಳಗೆ ದಿಂಬು ಇರುವ ಬಗೆಯನ್ನೇ ಬರೆದುಕೊಟ್ಟಿದ್ದರೆ ಅದನ್ನೇ ಹಾಕಿ. ಕತ್ತಿಗೆ ತೆಳ್ಳನೆ ಪಟ್ಟಿ ಇರುವ ಅಗ್ಗದ್ದು ಬೇಡ, ಹೆಗಲು ಸರಿಹೋಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿಕೊಳ್ಳಿ.

ಲೋಲಕದ ವ್ಯಾಯಾಮ: ಎಲ್ಲರೂ ಎಡವುವುದು ಇಲ್ಲೇ

ಡಾಕ್ಟರ್ ಶುರು ಮಾಡಿ ಅಂದ ಮೇಲೆಯೇ ಇದು. ಚೆನ್ನಾಗಿರುವ ಕೈಯನ್ನು ಮೇಜಿನ ಮೇಲೆ ಊರಿ. ಸೊಂಟದಿಂದ ಮುಂದಕ್ಕೆ ಬಗ್ಗಿ. ಸ್ಲಿಂಗ್ ಬಿಚ್ಚಿ, ಆಪರೇಶನ್ ಆದ ಕೈಯನ್ನು ಒದ್ದೆ ಟವೆಲ್ ಇಳಿಬಿಟ್ಟ ಹಾಗೆ ಬಿಡಿ. ಈಗ ಕೈಯನ್ನು ತಿರುಗಿಸಬೇಡಿ. ಮತ್ತೆ ಹೇಳುತ್ತೇನೆ, ಕೈಯನ್ನು ತಿರುಗಿಸಬೇಡಿ! ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ಮೈಯನ್ನು ತೂಗಿ. ಮೈ ತೂಗಿದರೆ ಕೈ ತಾನಾಗಿಯೇ ತೂಗುತ್ತದೆ. ಊಟದ ತಟ್ಟೆಯಷ್ಟು ಸುತ್ತು ಸಾಕು.

ಹತ್ತರಲ್ಲಿ ಎಂಟು ಜನ ಭುಜದ ಬಲದಿಂದಲೇ ದೊಡ್ಡ ಸುತ್ತು ಹಾಕುತ್ತಾರೆ. ಆಗ ಹೊಲಿದ ಸ್ನಾಯುವೇ ದುಡಿಯುತ್ತದೆ. ಪರೀಕ್ಷೆ ಸುಲಭ. ಮನೆಯವರೊಬ್ಬರು ನಿಮ್ಮ ತೋಳಿನ ಮೇಲ್ಭಾಗವನ್ನು ಹಗುರವಾಗಿ ಹಿಡಿದಿರಲಿ. ಮಾಂಸ ಮೆತ್ತಗಿದ್ದರೆ ಸರಿ. ಬಿಗಿಯಾದರೆ ನೀವು ಮೋಸ ಮಾಡುತ್ತಿದ್ದೀರಿ ಅಂತ ಅರ್ಥ. ಇನ್ನೊಂದು ಗುರುತು: ಮೈ ನಿಲ್ಲಿಸಿದ ಮೇಲೂ ಕೈ ಎರಡು ಸಲ ತೂಗಿ ತಾನೇ ನಿಲ್ಲಬೇಕು. ಮೈ ಜತೆಗೇ ಗಕ್ಕನೆ ನಿಂತರೆ ಅದನ್ನು ನೀವೇ ಹಿಡಿದಿದ್ದೀರಿ.

ಬಾಗಿಲಿಗೆ ಸಿಕ್ಕಿಸುವ ಹಗ್ಗದ ರಾಟೆಯನ್ನು ಮೂರನೇ ವಾರಕ್ಕೇ ತಂದು ಎಳೆಯುವವರೂ ಇದ್ದಾರೆ. ಹೇಳುವವರೆಗೆ ಅದನ್ನು ಕಪಾಟಿನಲ್ಲಿಡಿ. ಗಡಗಡ ಅನ್ನುವ ಮಸಾಜ್ ಗನ್ನನ್ನಂತೂ ಹೊಲಿಗೆಯ ಹತ್ತಿರ ತರಲೇಬೇಡಿ.

ಕೈ ಎತ್ತುವುದು

ಆರು ವಾರ ದಾಟಿ, ಸರ್ಜನ್ ಒಪ್ಪಿದ ಮೇಲೆ ಸ್ವಂತ ಬಲದಿಂದ ಎತ್ತಬಹುದು. ಇಲ್ಲಿ ಮತ್ತೆ ಮೂಳೆಯ ಕಥೆ. ತೋಳಿನ ಮೂಳೆಯ ತಲೆಯ ಹೊರಬದಿಯಲ್ಲಿ ಒಂದು ಉಬ್ಬಿದೆ. ರಜ್ಜನ್ನು ಹೊಲಿದಿರುವುದು ಸಾಮಾನ್ಯವಾಗಿ ಅದಕ್ಕೇ. ಅಂಗೈ ಕೆಳಮುಖ ಮಾಡಿ ಕೈಯನ್ನು ಪಕ್ಕಕ್ಕೆ ಎತ್ತಿದರೆ ಈ ಉಬ್ಬು ನೇರ ಸೂರಿನ ಕೆಳಗೆ ಹೋಗಿ ರಜ್ಜನ್ನು ಒತ್ತುತ್ತದೆ. ಹೆಬ್ಬೆರಳು ಮೇಲೆ ಮಾಡಿ, ಪಕ್ಕಕ್ಕಿಂತ ಸುಮಾರು 30 ಡಿಗ್ರಿ ಮುಂದಕ್ಕೆ ಎತ್ತಿ ನೋಡಿ. ಉಬ್ಬು ಹಿಂದಕ್ಕೆ ಸರಿದು ದಾರಿ ಬಿಡುತ್ತದೆ.

ಇನ್ನೊಂದು. ಪೂರ್ತಿ 180 ಡಿಗ್ರಿ ಎತ್ತುವಾಗ ಸುಮಾರು 60 ಡಿಗ್ರಿ ಹೆಗಲ ಹಲಗೆ ತಿರುಗುವುದರಿಂದಲೇ ಬರುತ್ತದೆ. ಗೂನು ಬೆನ್ನಲ್ಲಿ ಕೂತರೆ ಹಲಗೆ ಮುಂದಕ್ಕೆ ಬಾಗುತ್ತದೆ, ಸೂರು ಕೆಳಗಿಳಿಯುತ್ತದೆ, ಸಂದಿ ಇನ್ನೂ ಕಿರಿದಾಗುತ್ತದೆ. ಮೂಳೆಯ ಆಕಾರ ನಿಮ್ಮ ಕೈಯಲ್ಲಿಲ್ಲ. ಅದರ ವಾಲು ನಿಮ್ಮ ಕೈಯಲ್ಲಿದೆ. ಅದಕ್ಕೇ ಕನ್ನಡಿ ಮುಂದೆ ನಿಂತು ಮಾಡಿ. ಹೆಗಲು ಕಿವಿಯ ಕಡೆ ಏರಿದ ಕೂಡಲೇ ನಿಲ್ಲಿಸಿ, ಸ್ವಲ್ಪ ಕೆಳಗಿನಿಂದ ಮತ್ತೆ ಶುರು ಮಾಡಿ. ಕಡಿಮೆ ಎತ್ತರಕ್ಕೆ ಸರಿಯಾಗಿ ಎತ್ತಿದ ಹತ್ತು ಸಲವೇ ನನಗೆ ಇಷ್ಟ.

ಬಲ

12 ವಾರದ ನಂತರ, ತೀರಾ ಮೆತ್ತನೆಯ ರಬ್ಬರ್ ಪಟ್ಟಿಯಿಂದ.

ಯಾವ ಹಂತದಲ್ಲೇ ಆಗಲಿ, ಟಪ್ ಅಂದು ಕೈ ಸೋತರೆ, ಜ್ವರ ಬಂದರೆ, ಗಾಯ ಕೆಂಪಾಗಿ ಸೋರಿದರೆ ಅವತ್ತೇ ಸರ್ಜನ್‌ಗೆ ಫೋನ್ ಮಾಡಿ. ಅಟ್ಟದ ಮೇಲಿನ ಭಾರದ ಡಬ್ಬಿ ಇಳಿಸುವ ಕೆಲಸವನ್ನು ಆರು ತಿಂಗಳವರೆಗಾದರೂ ಮನೆಯಲ್ಲಿ ಬೇರೆಯವರಿಗೆ ಬಿಡಿ.