ಮಂಗಳೂರಿನ ಮನೆ ಜೇಡಗಳು: ಯಾವುದನ್ನು ಬಿಡಬೇಕು, ಏನನ್ನು ಗುಡಿಸಬೇಕು

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮಂಗಳೂರಿನ ಮನೆಗಳಲ್ಲಿ ಜೇಡ ಜಾಸ್ತಿ. ಹೊರಗೆಲ್ಲ ನೀರು, ಒಳಗೆ ಬೆಚ್ಚಗೆ, ತಿನ್ನಲು ಹುಳಹುಪ್ಪಟೆ ಧಾರಾಳ, ಬರದೆ ಇರುತ್ತವಾ? ಊರಿಗೆ ಹೊಸದಾಗಿ ಬಂದು ಫ್ಲ್ಯಾಟ್‌ನಲ್ಲಿರುವ ಮಕ್ಕಳು ಕಂಡ ಕೂಡಲೇ ಸ್ಪ್ರೇ ಹೊಡೆಯುತ್ತಾರೆ. ದಯವಿಟ್ಟು ಬೇಡ. ಆ ಸ್ಪ್ರೇ ನಿಮ್ಮ ಪಾತ್ರೆ, ಹಾಸಿಗೆ ಮೇಲೂ ಕೂರುತ್ತದೆ.

ಎಲ್ಲರೂ ಹೆದರುವುದು ಬಚ್ಚಲುಮನೆ ಗೋಡೆಯ ದೊಡ್ಡ ಜೇಡಕ್ಕೆ. ಕಾಲು ಚಾಚಿದರೆ ಅಂಗೈ ಅಗಲ, ಕಂದು ಬಣ್ಣ, ಚಪ್ಪಟೆ ಮೈ, ಲೈಟ್ ಹಾಕಿದರೆ ಅಡ್ಡಡ್ಡ ಓಡಿ ಕನ್ನಡಿ ಹಿಂದೆ ಸೇರಿಕೊಳ್ಳುತ್ತದೆ. ಹಂಟ್ಸ್‌ಮನ್ ಜೇಡ ಅಂತ ಹೆಸರು. ಇದು ಹುಳ ಹಿಡಿಯಲು ಬಲೆ ಕಟ್ಟುವುದಿಲ್ಲ, ರಾತ್ರಿ ಸುತ್ತಾಡಿ ಜಿರಳೆ ಹಿಡಿದು ತಿನ್ನುತ್ತದೆ. ನಿಮ್ಮ ಮನೆಯಲ್ಲಿ ಇದು ಕಾಣಿಸಿದೆ ಅಂದರೆ ಜಿರಳೆಯೂ ಇರಬಹುದು ಅಂತ ತಿಳಿಯಿರಿ, ಮೊದಲು ಸಿಂಕ್ ಅಡಿ ನೋಡಿ. ಹೊಟ್ಟೆ ಕೆಳಗೆ ಬಿಳಿ ಬಿಲ್ಲೆಯಂಥದ್ದು ಹಿಡಿದುಕೊಂಡಿದ್ದರೆ ಅದು ಮೊಟ್ಟೆಚೀಲ. ಆಗ ಅದನ್ನು ಕೆಣಕಬೇಡಿ, ತಾಯಿ ಕಚ್ಚಬಹುದು. ಕಚ್ಚಿದರೆ ನೋವು, ಸ್ವಲ್ಪ ಊತ, ಪ್ರಾಣಕ್ಕೇನೂ ಅಪಾಯವಿಲ್ಲ. ಸೋಪು ಹಾಕಿ ತೊಳೆದು ತಣ್ಣನೆ ಬಟ್ಟೆ ಇಡಿ. ಮನೆಯೊಳಗೆ ಬೇಡವೇ ಬೇಡ ಅನ್ನಿಸಿದರೆ ಅಗಲ ಬಾಯಿಯ ಡಬ್ಬ ಮೆಲ್ಲಗೆ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಕಾಂಪೌಂಡಿನ ಮರದ ಬುಡದಲ್ಲಿ ಬಿಟ್ಟು ಬನ್ನಿ.

ಸೀಲಿಂಗ್ ಮೂಲೆಯಲ್ಲಿ ನೂಲೆಳೆ ಕಾಲಿನ ಜೇಡ ತಲೆಕೆಳಗಾಗಿ ತೂಗುತ್ತಿರುತ್ತದಲ್ಲ, ಮುಟ್ಟಿದರೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಅಲುಗಾಡುತ್ತದೆ, ಅದು ಸೊಳ್ಳೆ ಹಿಡಿಯುವುದರಲ್ಲಿ ಜೋರು. ಆದರೆ ಅದರ ಬಲೆಗೆ ಧೂಳು ಹಿಡಿದು ಮನೆ ಕೊಳಕಾಗಿ ಕಾಣುತ್ತದೆ, ಅದಂತೂ ನಿಜ. ಹಾಲ್, ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ತೆಗೆಯಿರಿ, ಮೆಟ್ಟಿಲಡಿ ಸ್ಟೋರಿನಲ್ಲಿ ಇದ್ದುಕೊಳ್ಳಲಿ ಬಿಡಿ. ಉದ್ದ ಕೋಲಿಗೆ ಹಿಡಿಸೂಡಿ ಕಟ್ಟಿ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ ತಿರುಗಿಸಿದರೆ ಬಲೆ ಅಂಟಿಕೊಂಡು ಬರುತ್ತದೆ, ಧೂಳು ತಲೆ ಮೇಲೆ ಬೀಳುವುದಿಲ್ಲ.

ಕಿಟಕಿಯಲ್ಲಿ ಹಗಲು ಹೊತ್ತು ಟಪಕ್ ಅಂತ ಹಾರಿ, ತಿರುಗಿ ನಿಮ್ಮನ್ನೇ ನೋಡುವ ಪುಟ್ಟ ಜೇಡ ನನಗೆ ತುಂಬಾ ಇಷ್ಟ. ಎಂಟು ಕಣ್ಣು, ಮುಂದಿನ ಎರಡು ದೊಡ್ಡವು. ನೊಣ, ಸೊಳ್ಳೆ ಅದರ ಪಾಲಿಗೆ. ಅದನ್ನು ಸುಮ್ನೆ ಬಿಡಿ.

ಈಗ ಮುಖ್ಯ ವಿಷಯ. ಬೆಳಿಗ್ಗೆ ಎದ್ದಾಗ ಕುತ್ತಿಗೆ ಮೇಲೆ ಗೆರೆ ಎಳೆದಂತೆ ಕೆಂಪಾಗಿ, ಉರಿ ಹತ್ತಿ, ಆಮೇಲೆ ಗುಳ್ಳೆ ಬಂದರೆ ನಮ್ಮಲ್ಲಿ ಎಲ್ಲರೂ "ಜೇಡ ಹರಿದಾಡಿದೆ" ಅನ್ನುತ್ತಾರೆ. ಪಾಪ, ಹೆಚ್ಚಿನ ಸಲ ಅದರದ್ದೇನೂ ತಪ್ಪಿರುವುದಿಲ್ಲ. ಇರುವೆಯಷ್ಟೇ ಸಣ್ಣದಾದ, ಕಿತ್ತಳೆ ಕಪ್ಪು ಪಟ್ಟೆಯ ಒಂದು ಹುಳ ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವು ಉಜ್ಜಿ ಹಾಕುತ್ತೇವಲ್ಲ, ಆಗ ಅದರ ರಸ ತಾಗಿ ಚರ್ಮ ಸುಡುತ್ತದೆ. ಹಾಗಾಗಿ ಉಜ್ಜಬೇಡಿ, ಊದಿ ಹಾರಿಸಿ, ತಾಗಿದ ಜಾಗವನ್ನು ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ. ಸೊಂಟದಲ್ಲೋ ಎದೆಯಲ್ಲೋ ಒಂದೇ ಬದಿಗೆ ಪಟ್ಟಿಯಂತೆ ನೋವಿನ ಗುಳ್ಳೆ ಬಂದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ಮನೆಮದ್ದು ಹಚ್ಚುತ್ತಾ ಕೂರಬೇಡಿ, ಮೂರು ದಿನದೊಳಗೆ ಔಷಧಿ ಶುರುಮಾಡಿದರೆ ಒಳ್ಳೆಯದು.

ಸಂಜೆ ಬಾಗಿಲ ಬಳಿ ಬಿಳಿ ಲೈಟ್ ಬದಲು ಹಳದಿ ಬಲ್ಬ್ ಹಾಕಿ, ಹುಳ ಕಡಿಮೆಯಾದರೆ ಜೇಡವೂ ಕಡಿಮೆ. ಮಲಗುವ ಮುಂಚೆ ಚಾದರ ಕೊಡವಿ. ಮೂಲೆಯಲ್ಲಿಟ್ಟ ರೇನ್‌ಕೋಟ್, ಶೂಗಳನ್ನೂ ಕೊಡವಿಯೇ ಹಾಕಿಕೊಳ್ಳಿ. ಆ ಕಿತ್ತಳೆ ಕಪ್ಪು ಹುಳದ ರಸ ಕಣ್ಣಿಗೆ ಹೋದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ತುಂಬಾ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ.